ನಾನೂರ ಹದಿನೇಳರ ಹೆತ್ತವರು

ಕೊರಿಯರ್‌ನವನು ಮೇಜಿನ ಮೇಲಿಟ್ಟು ಹೋದ ಪೆಟ್ಟಿಗೆಯನ್ನು ಮಾರೇಶ ಬಿಚ್ಚಲಿಲ್ಲ. ಬಿಚ್ಚಿ ನೋಡುವಂಥದ್ದೇನೂ ಅದರಲ್ಲಿ ಇರಲಿಲ್ಲ. ಬೆಂಗಳೂರಿನ ರಿಪೇರಿಯವರು ನಿನ್ನೆಯೇ ಫೋನಿನಲ್ಲಿ ಹೇಳಿದ್ದರು: ಸರ್ವರಿನ ಎರಡು ಡಿಸ್ಕುಗಳಲ್ಲಿ ಒಂದು ಯಾವತ್ತೋ ಸತ್ತಿದೆ, ಇನ್ನೊಂದರ ತಟ್ಟೆಯ ಮೇಲೆ ಗೀರು ಬಿದ್ದು ಎಲ್ಲ ಪುಡಿಯಾಗಿದೆ, ಒಂದಕ್ಷರವೂ ಸಿಗಲಿಲ್ಲ, ಸಾರಿ ಸರ್. ಆ ಮಾತು ಹೇಳುವಾಗ ಅವರ ಬೆನ್ನ ಹಿಂದೆ ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದದ್ದು ಅವನಿಗೆ ಕೇಳಿಸಿತ್ತು. ಅವನೀಗ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದ. ಕಳಿಸುವಾಗ ಎಷ್ಟಿತ್ತೋ ಅಷ್ಟೇ ತೂಕ. ಹಾಗೆಯೇ ಇರಬೇಕು, ಬರೆದದ್ದಕ್ಕೆ ತೂಕವಿಲ್ಲ, ಅಳಿದದ್ದಕ್ಕೂ ಇಲ್ಲ. ಇದು ಅವನಿಗೆ ಗೊತ್ತಿದ್ದ ವಿಷಯವೇ. ಆದರೂ ಪೆಟ್ಟಿಗೆ ಸ್ವಲ್ಪವಾದರೂ ಹಗುರವಾಗಿದ್ದರೆ ತನಗೆ ಸಮಾಧಾನವಾಗುತ್ತಿತ್ತು ಅನ್ನಿಸಿ, ಆ ಅನ್ನಿಸಿಕೆಗೇ ನಾಚಿಕೆಯಾಗಿ, ಅದನ್ನು ಮೇಜಿನ ಕೆಳಗೆ ಕಾಲಿನಿಂದ ಸರಿಸಿದ. ಆಗ ಫೋನು ಬಂತು. ಬೀಜದ ಕಂಪನಿಯ ಯಜಮಾನ ಹಾಲಸಿದ್ದಪ್ಪನವರದು.

"ಏನಪಾ ಮಾರೇಶ, ಡಿಸ್ಕು ಬಂತಂತ?"

"ಬಂತ್ರಿ ಸಾವುಕಾರ್ರ. ಅದರಾಗ..."

"ಅದರಾಗ ಇದ್ರ ಇರ್ಲಿ, ಇಲ್ದಿದ್ರ ಬಿಡು. ಕಂಪ್ಯೂಟರ್ ಹೋದ್ರ ಏನಾತು, ನಿನ್ನ ತಲಿ ಐತಲ್ಲ. ಸಂಜಿಮುಂದ ಕುರುಗೋಡಿಗೆ ಬಾ. ನಾನೂರ ಹದಿನೇಳರ ತಾಯಿದೊಂದು ಪೊಟ್ಟಣ, ತಂದಿದೊಂದು ಪೊಟ್ಟಣ ತೊಗೊಂಡು ಬಾ. ಟ್ರೇ ತುಂಬಿಸಾಕ ಹೇಳೀನಿ. ಇವತ್ತ ದಿನ ಛಲೋ ಐತಿ, ಹೊತ್ತು ಮುಣುಗೂದ್ರಾಗ ಬೀಜ ಬಿದ್ದುಬಿಡ್ಲಿ."

"ಹ್ಞೂಂರಿ," ಎಂದ ಮಾರೇಶ.

ಹ್ಞೂಂ ಎಂದದ್ದು ಅವನ ಗಂಟಲು, ಅವನಲ್ಲ. ಅವನು ಅಷ್ಟು ಹೊತ್ತಿಗಾಗಲೇ ಆಫೀಸಿನ ಹಿಂದಿನ ಶೀತಲ ಕೋಣೆಯ ಬಾಗಿಲು ಎಳೆದು ಒಳಗೆ ನಿಂತಿದ್ದ. ಗೋಡೆಯಿಂದ ಗೋಡೆಗೆ ಕಬ್ಬಿಣದ ಹಲಗೆಗಳು, ಹಲಗೆಗಳ ಮೇಲೆ ಕಂದು ಕಾಗದದ ನೂರಾರು ಪೊಟ್ಟಣಗಳು, ಪೊಟ್ಟಣಗಳ ಮೇಲೆ ಬರೀ ಸಂಖ್ಯೆ. ಒಳಗಿನ ಬೀಜ ಜೀವಂತ. ಇವತ್ತು ಒದ್ದೆ ಮಣ್ಣಿಗೆ ಹಾಕಿದರೆ ವಾರದೊಪ್ಪತ್ತಿನಲ್ಲಿ ಮೊಳೆಯುತ್ತದೆ. ಇವುಗಳಲ್ಲಿ ಯಾವುದೋ ಒಂದು ಪೊಟ್ಟಣ ನಾನೂರ ಹದಿನೇಳರ ತಾಯಿ, ಇನ್ಯಾವುದೋ ಒಂದು ತಂದೆ. ಇಲ್ಲಿಯೇ ಇದ್ದಾರೆ, ಕೈಗೆಟುಕುವಷ್ಟು ಹತ್ತಿರದಲ್ಲಿ. ಯಾರೆಂದು ಹೇಳಬಲ್ಲ ಒಂದೇ ಒಂದು ಪಟ್ಟಿ ಆ ಸತ್ತ ಡಿಸ್ಕಿನಲ್ಲಿತ್ತು. ಅವನ ತಲೆಯಲ್ಲಿ ಅದು ಇರಲಿಲ್ಲ. ಇರಬಾರದೆಂದು ಏರ್ಪಾಡು ಮಾಡಿದವನೇ ಅವನು. ಉಸಿರು ಹೊಗೆಯಾಗುತ್ತಿದ್ದ ಆ ಚಳಿಯಲ್ಲಿ ಅವನ ಕೈ ತಾನಾಗಿ ಮೇಲಿನ ಹಲಗೆಯಿಂದ ಒಂದು ಪೊಟ್ಟಣ, ಕೆಳಗಿನಿಂದ ಒಂದು ಪೊಟ್ಟಣ ತೆಗೆಯಿತು. ಎಷ್ಟು ಸುಲಭ ಎಂದು ನೋಡಲಿಕ್ಕಷ್ಟೇ ತೆಗೆದೆ ಎಂದುಕೊಂಡ. ಆಮೇಲೆ ಅವುಗಳನ್ನು ಮರಳಿ ಇಡದೆ ಅಂಗಿಯ ಜೇಬಿಗೆ ಹಾಕಿಕೊಂಡು, ಬಾಗಿಲು ಮುಚ್ಚಿ, ಸಿರುಗುಪ್ಪದ ಬಸ್ಸು ಹಿಡಿಯಲು ಹೊರಟ. ದೇಶನೂರಿನಲ್ಲಿ ಪಂಪಾವತಿ ಇದ್ದಾಳೆ. ನಾನೂರ ಹದಿನೇಳರ ತಾಯಿಯ ಹೂವಿಗೆ ತಂದೆಯ ಪರಾಗ ಮುಟ್ಟಿಸಿದವಳು ಅವಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಎದೆಯ ಮೇಲೆ ಬೀಜ ಸರಪರ ಎಂದವು. ಹೋದ ವರ್ಷ ಕುರುಗೋಡಿನ ತೋಟದಲ್ಲಿ ಎಲೆ ಮುದುಡುವ ರೋಗ ಬಂದು ಸಾಲುಸಾಲು ಮೆಣಸಿನ ಗಿಡಗಳು ಮುಷ್ಟಿ ಹಿಡಿದಂತೆ ಮುರುಟಿ ನಿಂತಾಗ, ಕಾಲುವೆ ಕಡೆಯ ಸಾಲಿನಲ್ಲಿ ಒಂದೇ ತಾಯಿತಂದೆಯ ಗಿಡಗಳ ಒಂದೇ ಒಂದು ಕುಟುಂಬ ಎಲೆ ಬಿಚ್ಚಿಕೊಂಡು, ಕೆಂಪು ಕಾಯಿ ಬಿಟ್ಟುಕೊಂಡು ನಿಂತಿತ್ತು. ಅದರ ಕಡ್ಡಿಗೆ ಕಟ್ಟಿದ್ದ ಚೀಟಿಯ ಮೇಲೆ ೪೧೭. ಹಾಲಸಿದ್ದಪ್ಪ ಎರಡೂ ಕೈಯಲ್ಲಿ ಆ ಗಿಡದ ಎಲೆ ಸವರಿ, ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ದೊಡ್ಡ ಕಂಪನಿಗಳ ನಡುವೆ ನುಗ್ಗಾಗಿ ಹೋಗುತ್ತಿದ್ದ ಅವರ ಈ ಸಣ್ಣ ಕಂಪನಿ ಉಳಿಯುವುದಿದ್ದರೆ ಅದರಿಂದಲೇ ಉಳಿಯಬೇಕು. ಆದರೆ ಮಿಶ್ರತಳಿಯ ಬೀಜವನ್ನು ಹಾಗೇ ಇಟ್ಟು ಬಿತ್ತಿದರೆ ಮರಿಗಳು ಚೆದುರಿಹೋಗುತ್ತವೆ. ಒಂದು ಅಜ್ಜನ ಹಾಗೆ, ಒಂದು ಯಾರ ಹಾಗೂ ಅಲ್ಲ. ಪ್ರತಿ ಸಲವೂ ಅದೇ ತಾಯಿಗೆ ಅದೇ ತಂದೆಯ ಪರಾಗ ಕೊಡಬೇಕು. ಹೆತ್ತವರು ಗೊತ್ತಿಲ್ಲದಿದ್ದರೆ ನಾನೂರ ಹದಿನೇಳು ಹೋದ ವರ್ಷ ಒಮ್ಮೆ ಕಂಡು ಮರೆಯಾದ ಗಿಡ, ಅಷ್ಟೇ. ಡಿಎನ್‌ಎ ಹೊಂದಿಸಿ ನೋಡಬಹುದೆಂದು ಅವನು ಹೈದರಾಬಾದಿನ ಲ್ಯಾಬೊಂದಕ್ಕೆ ಕೇಳಿದ್ದ. ಪೊಟ್ಟಣಗಳಲ್ಲಿ ಹೆಚ್ಚಿನವು ಒಂದೇ ಬೇರಿನ ಅಕ್ಕತಂಗಿ ಸಾಲುಗಳು. ಇವರ ಪೈಕಿ ಯಾರೋ ಒಬ್ಬರು ಎಂದು ಹತ್ತಾರನ್ನು ತೋರಿಸಬಲ್ಲೆವು, ಇವರೇ ಎಂದು ಹೇಳಲಾರೆವು, ಅದನ್ನು ಹೊಲದಲ್ಲೇ ನೀವು ಮತ್ತೆ ಕಂಡುಕೊಳ್ಳಬೇಕು ಎಂದು ಲ್ಯಾಬಿನವರು ಹೇಳಿದ್ದರು. ಅದಕ್ಕೆ ಬೇಕಾದಷ್ಟು ವರ್ಷ ಹಾಲಸಿದ್ದಪ್ಪನವರ ಹತ್ತಿರ ಇರಲಿಲ್ಲ.

ಪೈಕಿ ಎಂಬ ಆ ಒಂದು ಪದವನ್ನು ಅವನು ಎಷ್ಟು ಬಾಯಿಗಳಿಂದ ಕೇಳಿದ್ದ. ಬಳ್ಳಾರಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ಮನೆಯೊಡೆಯ ಮೊದಲು ಹೆಸರು ಕೇಳುತ್ತಿದ್ದ, ಮಾರೇಶ ಎಂದಾಗ ಊರು ಕೇಳುತ್ತಿದ್ದ, ಊರು ಹೇಳಿದಾಗ ಓಣಿ ಕೇಳುತ್ತಿದ್ದ, ಕಡೆಗೆ ತಲೆ ತುರಿಸಿಕೊಂಡು, ಅಲ್ರೀ, ತಪ್ಪು ತಿಳಕೋಬ್ಯಾಡ್ರಿ, ನೀವು ಯಾರ ಪೈಕಿ? ನಂದಿನಿಯನ್ನು ಮದುವೆಯಾಗಿ ಆ ಎರಡು ಕೋಣೆಯ ಮನೆಗೆ ಬಂದ ಮೊದಲ ದಿನ ಅವಳು ಬುದ್ಧನ ಪಟವನ್ನು ಹೊರಗಿನ ಕೋಣೆಯಲ್ಲಿ ತೂಗುಹಾಕಲು ಮೊಳೆ ಹಿಡಿದು ನಿಂತಾಗ, ಒಳಗಿನ ಕೋಣೆಯಲ್ಲಿ ಹಾಕೂಣು ಎಂದವನು ಅವನೇ. ಕಾಲೇಜಿನಲ್ಲಿ ಓದಿದ ಒಂದು ಪಾಠ ಮಾತ್ರ ಅವನಿಗೆ ಯಾವತ್ತೂ ಬಿಡುಗಡೆಯ ಹಾಗೆ ಕಂಡಿತ್ತು. ಗಿಡದ ವಂಶ ಗೊತ್ತಿದ್ದರೆ ನೋಡುವ ಕಣ್ಣು ವಂಶವನ್ನೇ ನೋಡುತ್ತದೆ, ಗಿಡವನ್ನಲ್ಲ, ಆದ್ದರಿಂದ ಮುಚ್ಚಿಡು. ಹಾಲಸಿದ್ದಪ್ಪನವರಿಗೆ ಅವರ ಅಪ್ಪನ ಕಾಲದ ಒಂದು ಮೆಣಸಿನ ತಳಿಯ ಮೇಲೆ ಮೋಹ. ಆ ತಳಿಯ ಗಿಡ ಬಾಡಿದರೆ ನೀರು ಕಡಿಮೆ ಆಗೇತಿ ಅನ್ನುವರು, ಬೇರೆಯದು ಬಾಡಿದರೆ ಅದರ ಹುಟ್ಟೇ ಅಂಥಾದ್ದು ಅನ್ನುವರು. ಮಾರೇಶ ಅವರೊಡನೆ ವಾದಿಸಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಏರ್ಪಾಡು ಮಾಡಿದ. ಪ್ರತಿ ಹಂಗಾಮಿಗೂ ಯಂತ್ರ ಗಿಡಗಳಿಗೂ ಪೊಟ್ಟಣಗಳಿಗೂ ಮನಬಂದಂತೆ ಹೊಸ ಸಂಖ್ಯೆ ಕೊಡುತ್ತದೆ. ಯಾವ ಸಂಖ್ಯೆಗೆ ಯಾರು ಹೆತ್ತವರು ಎಂಬ ಪಟ್ಟಿ ಯಂತ್ರದ ಒಳಗಡೆ ಬೀಗದಲ್ಲಿರುತ್ತದೆ. ಆಯ್ಕೆ ಮುಗಿದು ಹೆತ್ತವರನ್ನು ಮತ್ತೆ ಬಿತ್ತುವ ದಿನದ ತನಕ ಯಾರೂ, ತಾನೂ ಸಹ, ಅದನ್ನು ತೆರೆಯಕೂಡದು. ಹೊಲದಲ್ಲಿ ಗಿಡಗಳು ಬರೀ ಸಂಖ್ಯೆಗಳಾಗಿ ನಿಂತ ಮೊದಲ ದಿನ ಅವನು ಸಾಲಿನ ನಡುವೆ ನಡೆಯುತ್ತಾ ಹೋದವನು ಬೇಲಿಯ ತನಕ ಹೋಗಿ ಸುಮ್ಮನೆ ನಿಂತಿದ್ದ. ಯಾರೂ ಯಾರನ್ನೂ ಏನೂ ಕೇಳದ ಒಂದು ಊರಿಗೆ ಬಂದ ಹಾಗಿತ್ತು.

"ಎದಿ ಹಿಡಕೊಂಡು ಕುಂತೀರೆಲ್ಲ, ಏನಾರ ಆತೇನ್ರಿ?" ಕಂಡಕ್ಟರ್ ಬಗ್ಗಿ ಕೇಳಿದ. ಮಾರೇಶ ಜೇಬಿನ ಮೇಲಿದ್ದ ಕೈಯನ್ನು ತೆಗೆದ. "ಏನಿಲ್ರಿ. ಸಿರುಗುಪ್ಪ ಒಂದು." "ಎದಿ ನೋವಿದ್ರ ಹೇಳ್ರಿ ಮತ್ತ, ಮುಂದ ಕುಂದ್ರಸ್ತೀನಿ. ಹಿಂದ ಕುಂತ್ರ ಇರೂ ಜೀವನೂ ಹೊಕ್ಕೈತಿ, ರಸ್ತಾ ಅಂಥಾದ್ದೈತಿ." ಪಕ್ಕದವರು ನಕ್ಕರು. ಮಾರೇಶನೂ ನಕ್ಕ. ಹೀಗೆ ಎಲ್ಲರೂ ನಕ್ಕಾಗ ತಾನೂ ನಗುವ ಅಭ್ಯಾಸ ಅವನಿಗೆ ಯಾವಾಗಿನಿಂದ ಬಂತೋ.

ಈ ಸಲದ ಆಯುಧ ಪೂಜೆಯ ದಿನವೂ ಹೀಗೆಯೇ ನಕ್ಕಿದ್ದ. ಪ್ರತಿ ವರ್ಷ ಆ ದಿನ ಅವನು ಗೇಟಿನ ಹತ್ತಿರ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದ. ಬಾಳೆಕಂದು ಇಳಿಸಿಕೊಳ್ಳುವುದು, ಬೂದುಗುಂಬಳ ಒಡೆಯುವ ಜಾಗ ಗುಡಿಸುವುದು. ಒಳಗೆ ತಕ್ಕಡಿ, ಸ್ಪ್ರೇ ಪಂಪು, ಹೂವು ಬಿಡಿಸುವ ಚಿಮಟಗಳು, ಸರ್ವರು, ಎಲ್ಲಕ್ಕೂ ಹಾಲಸಿದ್ದಪ್ಪನವರ ಸೊಸೆ ಅಕ್ಷತಾ ವಿಭೂತಿ ಎಳೆದು ಕುಂಕುಮ ಇಡುವಳು. ಅವನನ್ನು ಯಾರೂ ಒಳಗೆ ಬರಬೇಡ ಎಂದಿರಲಿಲ್ಲ. ಯಾರೂ ಬಾ ಎಂದೂ ಇರಲಿಲ್ಲ. ಸರ್ವರಿನ ಬಗ್ಗೆ ಮಾತ್ರ ಅವನು ಮೊದಲೇ ಹೇಳಿಟ್ಟಿರುತ್ತಿದ್ದ: ಅದನ್ನ ಬಂದ್ ಮಾಡಬಾರದ್ರಿ, ನಡಕೊಂತನ ಪೂಜಿ ಆಗ್ಲಿ. ವರ್ಷಗಟ್ಟಲೆ ಒಂದೇ ಸಮ ತಿರುಗಿದ ಹಳೆಯ ಡಿಸ್ಕು ನಿಂತು ತಣ್ಣಗಾದರೆ ಮತ್ತೆ ಏಳುತ್ತದೆಂಬ ನಂಬಿಕೆಯಿಲ್ಲ. ಅದಕ್ಕಾಗಿಯೇ ಹೊಸ ಯಂತ್ರ ತರಿಸಿದ್ದು. ಹಬ್ಬಕ್ಕೆ ಮೊದಲೇ ಎಲ್ಲವನ್ನೂ ಅದಕ್ಕೆ ಇಳಿಸಿಬಿಡುತ್ತೇನೆ ಎಂದು ಅವನು ಕೇಳಿದಾಗ ಹಾಲಸಿದ್ದಪ್ಪ, ಹೊಸಾದು ವಿಜಯದಶಮಿ ದಿನ ಶುರು ಆಗ್ಲಿ ತಮ್ಮಾ, ಎರಡು ದಿನದಾಗ ಏನಾಕ್ಕೈತಿ, ಎಂದಿದ್ದರು. ಎರಡು ದಿನದಲ್ಲಿ ಏನಾಗುತ್ತದೆ ಎಂದು ಅವನೂ ಅಂದುಕೊಂಡ. ಪೂಜೆಯ ದಿನ ಅವನು ಗೇಟಿನಲ್ಲಿದ್ದಾಗ ಅವರು ಒಳಗಿನಿಂದ ಕೂಗಿದರು.

"ಮಾರೇಶಾ, ಒಳಗ ಬಾರಪಾ. ಇದು ನಿನ್ನ ಮಷಿನ್ನು. ಇದರ ಪೂಜಿ ನಿನ್ನ ಕೈಲೆ ಆಗ್ಲಿ."

ಇಪ್ಪತ್ತು ಜನ ತಿರುಗಿ ನೋಡಿದರು. ಅಕ್ಷತಾ ಆರತಿ ತಟ್ಟೆಯನ್ನು ಅವನ ಕಡೆ ಚಾಚಿದಳು. ನಾನು ಇದನ್ನೆಲ್ಲ ಮಾಡೂದಿಲ್ಲರಿ ಎಂಬ ಮಾತು ಅವನ ಬಾಯಲ್ಲಿ ವರ್ಷಗಳಿಂದ ಸಿದ್ಧವಾಗಿತ್ತು. ಆ ಮಾತಿಗೆ ಬೇಕಾದ ಸಂದರ್ಭ ಮಾತ್ರ ಬಂದಿರಲಿಲ್ಲ. ಈಗ ಬಂದಿತ್ತು. ತಟ್ಟೆಯ ತಳ ಬೆಚ್ಚಗಿತ್ತು. ಅದು ಅಂಗೈಗೆ ತಾಕಿದ ಕೂಡಲೇ ಅವನು ಆ ಮಾತನ್ನು ಬಿಟ್ಟು ತಟ್ಟೆಯನ್ನು ಹಿಡಿದುಕೊಂಡ. ಇಷ್ಟಕ್ಕೇ? ಎಂದು ಒಳಗೆ ಯಾರೋ ಕೇಳಿದರು. ಹೌದು, ಇಷ್ಟಕ್ಕೇ. ಅವನು ಬೆರಳನ್ನು ಕುಂಕುಮಕ್ಕೆ ಅದ್ದಿದಾಗ ಅಕ್ಷತಾ ಅಂದಳು: "ಮಾವಾರ, ಅದು ಇನ್ನಾ ಗುಂಯ್ ಅನ್ನಾಕತ್ತೈತಿ. ದುಡಿಯೂ ಎತ್ತಿಗೆ ಯಾರಾರ ನೊಗ ಬಿಚ್ಚದ ಪೂಜಿ ಮಾಡ್ತಾರೇನ್ರಿ? ವರ್ಷಕ್ಕೊಂದಿನ ಅದಕ್ಕೂ ಬಿಡುವು ಬ್ಯಾಡೇನು?" ಎಲ್ಲರೂ ನಕ್ಕರು. ಚೇಷ್ಟೆಯ ಮಾತು, ಅದರಲ್ಲಿ ಕೇಡಿರಲಿಲ್ಲ. ಅವನೂ ನಕ್ಕ. ನಕ್ಕು, ಹಿಂದೆ ಕೈ ಹಾಕಿ ಸ್ವಿಚ್ಚು ಒತ್ತಿದ. ಗುಂಯ್ ಎಂಬ ಸದ್ದು ಕೆಳಕೆಳಗೆ ಇಳಿದು ನಿಂತಿತು. ಆ ಕೋಣೆಯ ನಿಶ್ಶಬ್ದವನ್ನು ಅವನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಆ ನಿಶ್ಶಬ್ದದಲ್ಲಿ ಅವನು ಕುಂಕುಮ ಇಟ್ಟ, ಅವರೆಲ್ಲ ಕೈ ಮುಗಿದರು, ಮತ್ತು ಆ ಒಂದು ಗಳಿಗೆ ಅವನು ಸುಖವಾಗಿದ್ದ. ಈಗ ಅವನನ್ನು ಕೊರೆಯುತ್ತಿದ್ದದ್ದು ತಪ್ಪಿಗಿಂತ ಹೆಚ್ಚಾಗಿ ಆ ಸುಖ.

ವಿಜಯದಶಮಿಯ ಸಂಜೆ ಊರಿನವರೆಲ್ಲ ಬನ್ನಿ ಎಲೆ ಹಿಡಿದು ಆಫೀಸಿಗೆ ಬರುತ್ತಿದ್ದರು. ಬನ್ನಿ ತೊಗೊಂಡು ಬಂಗಾರದಂಗ ಇರೂಣು ಎಂದು ಒಬ್ಬರ ಕೈಗೊಬ್ಬರು ಎಲೆ ಕೊಡುತ್ತಿದ್ದ ಗದ್ದಲದ ನಡುವೆ ಮಾರೇಶ ಸ್ವಿಚ್ಚು ಹಾಕಿದ. ಸದ್ದು ಏರಲಿಲ್ಲ. ಟಕ್ ಎಂದಿತು, ತಡೆದು ಮತ್ತೆ ಟಕ್ ಎಂದಿತು. ಯಾರೋ ಅವನ ಕೈಯಲ್ಲಿ ಬನ್ನಿ ಇಟ್ಟರು, ಅವನು ಅವರ ಕಾಲು ಮುಟ್ಟಿದ, ಎದ್ದಾಗಲೂ ಟಕ್. ಎರಡು ಡಿಸ್ಕುಗಳಿದ್ದವು, ಒಂದು ಹೋದರೆ ಇನ್ನೊಂದಿರಲಿ ಎಂದೇ ಇಟ್ಟ ಜೋಡಿ. ಬೆಂಗಳೂರಿನವರು ಫೋನಿನಲ್ಲಿ, ಒಂದು ಹೋದಾಗ ಮುಂದೆ ಕಿತ್ತಳೆ ದೀಪ ಮಿಣುಕಬೇಕಲ್ಲ ಸರ್, ನೀವು ನೋಡ್ಲಿಲ್ವಾ, ಎಂದು ಕೇಳಿದ ದಿನ ಅವನು ಹೋಗಿ ಆ ಹಳೆಯ ಯಂತ್ರದ ಮುಂದೆ ಮೊಣಕಾಲೂರಿ ಕೂತ. ಹೋದ ವರ್ಷದ ಪೂಜೆಯ ಕುಂಕುಮ ಆ ಸಣ್ಣ ದೀಪದ ಮೇಲೆ ಕಲ್ಲಾಗಿ ಅಂಟಿತ್ತು. ಪ್ರತಿ ಸೋಮವಾರ ಅವನು ಒದ್ದೆ ಬಟ್ಟೆಯಿಂದ ಆ ಯಂತ್ರವನ್ನು ಒರೆಸುತ್ತಿದ್ದ. ಮೂಲೆ, ಸಂದು, ತಂತಿಯ ಬೆನ್ನು ಯಾವುದನ್ನೂ ಬಿಡುತ್ತಿರಲಿಲ್ಲ. ಕುಂಕುಮದ ಹತ್ತಿರ ಬಂದಾಗ ಮಾತ್ರ ಬಟ್ಟೆ ಅದನ್ನು ಸುತ್ತಿ ಹೋಗುತ್ತಿತ್ತು, ಯಾರದೋ ಅಂಗಳದ ರಂಗೋಲಿ ತುಳಿಯದೆ ದಾಟುವ ಹಾಗೆ. ಬೇರೆ ಯಾರಾದರೂ ಒರೆಸಿದ್ದರೆ ಅದು ಸ್ವಚ್ಛ ಮಾಡಿದ್ದು ಆಗುತ್ತಿತ್ತು. ಅವನು ಒರೆಸಿದರೆ ಅಳಿಸಿದ್ದು ಆಗುತ್ತಿತ್ತು. ಹಾಗೆಂದು ಯಾರೂ ಹೇಳಿರಲಿಲ್ಲ. ಅವನೇ ಅಂದುಕೊಂಡಿದ್ದು. ಆ ಕುಂಕುಮದ ಹಿಂದೆ ಎಷ್ಟು ತಿಂಗಳಿನಿಂದ ದೀಪ ಮಿಣುಕುತ್ತಿತ್ತೋ.

ಬ್ಯಾಕಪ್ ಇರಲಿಲ್ಲವೇ ಎಂದು ಎಲ್ಲರೂ ಕೇಳಿದರು. ಇತ್ತು. ದಿನಾ ಹೊರಗಿನ ಒಂದು ಡಿಸ್ಕಿಗೆ ನಕಲಾಗುತ್ತಿತ್ತು, ದಿನಾ ಹಸಿರು ಅಕ್ಷರದಲ್ಲಿ ಯಶಸ್ವಿ ಎಂದು ಬರುತ್ತಿತ್ತು. ಅದರಲ್ಲಿ ಮಾರಾಟ, ಸಂಬಳ, ರೈತರ ಫೋನ್ ನಂಬರು ಎಲ್ಲ ಇದ್ದವು. ಅವೆಲ್ಲ ಈಗ ಹೊಸ ಯಂತ್ರದಲ್ಲಿ ಸುಖವಾಗಿ ಕೂತಿವೆ. ಹೆತ್ತವರ ಪಟ್ಟಿಯನ್ನು ಮಾತ್ರ ಅವನು ಯಾರೂ ಇಣುಕದಿರಲೆಂದು ಬೇರೆ ಕಡೆ ಬೀಗ ಹಾಕಿ ಇಟ್ಟಿದ್ದ. ನಕಲು ಮಾಡುವ ಪ್ರೋಗ್ರಾಮಿಗೂ ಆ ಬೀಗದ ಕೈ ಕೊಟ್ಟಿರಲಿಲ್ಲ. ಕೊಡಬೇಕೆಂದು ಹೊಳೆದಿರಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದ.

ದೇಶನೂರಿನ ರಸ್ತೆಯ ಒಂದು ಬದಿಯುದ್ದಕ್ಕೂ ಭತ್ತ ಹರವಿದ್ದರು. ಆಟೋ ಇಳಿದ ಮಾರೇಶನಿಗೆ ಪಂಪಾವತಿ ದೂರದಿಂದಲೇ ಕಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಭತ್ತದೊಳಗೆ ಗೆರೆ ಎಳೆಯುತ್ತ ನಡೆಯುತ್ತಿದ್ದಳು. ಕ್ರಾಸಿಂಗ್ ಹಂಗಾಮಿನಲ್ಲಿ ಕುರುಗೋಡಿನ ತೋಟಕ್ಕೆ ಹೆಣ್ಣುಮಕ್ಕಳ ಗುಂಪು ಕಟ್ಟಿಕೊಂಡು ಬರುವವಳು ಅವಳು. ಮೊಗ್ಗು ಬಿಡಿಸಿ, ಗಂಡು ಭಾಗ ಕಿತ್ತು, ಬೇರೆ ಗಿಡದ ಪರಾಗ ಮುಟ್ಟಿಸುವಾಗ ಅವಳ ಬೆರಳು ನಡುಗುತ್ತಿರಲಿಲ್ಲ.

"ಅಯ್ಯ, ಮಾರೇಶ ಸಾರು! ಮೆಣಸಿನಕಾಯಿ ಬಿಟ್ಟು ಭತ್ತದ ಊರಿಗೆ ದಾರಿ ತಪ್ಪಿ ಬಂದ್ರೇನು?"

"ನಿನ್ನ ನೋಡಾಕ ಬಂದೆ ಪಂಪಕ್ಕ."

"ಕೇಳ್ರೇ ಇಲ್ಲಿ, ನನ್ನ ನೋಡಾಕ ಬಂದಾರಂತ! ಗಂಡ ಹೋಗಿ ಇಷ್ಟು ವರ್ಷಕ್ಕ ಒಬ್ಬ ಗಂಡಸು ನೋಡಾಕ ಬಂದ, ಅವಂದೂ ಮದಿವಿ ಆಗೇತಿ." ಆಚೆ ಭತ್ತ ತೂರುತ್ತಿದ್ದ ಹೆಂಗಸರು ಕಿಸಕ್ಕೆಂದರು. ಅವಳು ಹತ್ತಿರ ಬಂದು ಅವನ ಮುಖ ನೋಡಿ ದನಿ ಇಳಿಸಿದಳು. "ಯಾಕ್ರಿ, ಇಷ್ಟು ಸೊರಗೀರಿ? ಮನ್ಯಾಗ ಎಲ್ಲಾ ಆರಾಮ ಅದಾರಿಲ್ಲೋ?"

"ಅದಾರ. ಒಂದು ಮಾತು ಕೇಳಬೇಕಾಗಿತ್ತು. ನಾನೂರ ಹದಿನೇಳು ನೆನಪೈತೇನು? ಹೋದ ವರ್ಷ ಎಲ್ಲಾ ಗಿಡ ಮುದುಡಿದಾಗ, ಕಾಲುವಿ ಕಡಿ..."

"ಅದನ್ನ ಮರೀತೀನೇನು? ದೃಷ್ಟಿ ಆಕ್ಕೈತಿ ಅಂತ ಅದಕ್ಕ ಹಳೇ ಚಪ್ಪಲಿ ಕಟ್ಟಿದ್ದೆ. ನೀವು ಬೈದು ಬಿಚ್ಚಿಸಿದ್ರಿ."

"ಅದನ್ನ ಕ್ರಾಸ್ ಮಾಡಿದ್ದು ನೀನ. ಅದಕ್ಕೂ ಮುಂಚಿನ ವರ್ಷ. ಯಾವ ಗಿಡದ ಹೂವಿಗೆ ಯಾವ ಗಿಡದ ಪುಡಿ ಹಚ್ಚಿದ್ದಿ ಅಂತ... ಏನಾರ ನೆನಪು?"

"ಅಂದ್ರ, ಅದರ ಅಪ್ಪ ಅವ್ವ ಯಾರು ಅಂತೇನು?"

"ಹೂಂ."

ಅವಳು ನಗಲು ಬಾಯಿ ತೆರೆದವಳು ಅವನ ಮುಖ ಕಂಡು ನಿಲ್ಲಿಸಿದಳು. ಕಾಲಿಗಂಟಿದ ಭತ್ತವನ್ನು ಇನ್ನೊಂದು ಕಾಲಿನಿಂದ ಒರೆಸಿಕೊಂಡಳು. "ನೀವ ಹೇಳಿದ್ರೆಲ್ಲ ಸಾರ, ನೋಡಬ್ಯಾಡ್ರಿ ಅಂತ. ಮದ್ಲು ದಾರ ಕಟ್ಟತಿದ್ವಿ. ಕೆಂಪು ದಾರ ಅಂದ್ರ ಇಂಥಾ ಅಪ್ಪ, ಹಳದಿ ಅಂದ್ರ ಇಂಥವ. ಹೊಲದಾಗ ಹಾಡು ಕಟ್ಟಿ ಹೇಳತಿದ್ವಿ ಯಾರಿಗೆ ಯಾರು ಅಂತ. ನೀವು ಬಂದು ದಾರ ಎಲ್ಲಾ ಇಸಗೊಂಡ್ರಿ. ನಂಬರ್ ಹಾಕಿದ ಕುಪ್ಪಿ ಕೈಗೆ ಕೊಟ್ರಿ. ಇದರಾಗ ಯಾರ ಪುಡಿ ಐತ್ರಿ ಅಂತ ಕೇಳಿದ್ರ, ಕೇಳಬಾರ್ದು ಪಂಪಕ್ಕ, ಕೇಳಿದ್ರ ಕಣ್ಣು ಕೆಡ್ತಾವ ಅಂದ್ರಿ. ಅದು ನನಗ ಭಾಳ ಛಲೋ ಅನಿಸ್ತು. ಅವತ್ತಿಂದ ಕೇಳೂದ ಬಿಟ್ಟೆ."

"ಕೇಳದಿದ್ರೂ ಗಿಡ ನೋಡಿರ್ತಿ ಅಲ್ಲ? ಎಲಿ ಹೆಂಗಿತ್ತು, ಕಾಯಿ..."

"ನೋಡಬ್ಯಾಡ ಅಂದ್ರ ನಾ ನೋಡಂಗಿಲ್ಲ. ನನ್ನ ಬೆರಳು ನೋಡಿರಬೇಕು. ನಾ ನೋಡಿಲ್ಲ." ಅವಳು ಹೇಳಿದ್ದರಲ್ಲಿ ವ್ಯಂಗ್ಯವಿರಲಿಲ್ಲ. ಮಾತು ಉಳಿಸಿಕೊಂಡವರ ಒಂದು ಸಣ್ಣ ಹೆಮ್ಮೆ ಇತ್ತು. ಅವನು ಆ ಹೆಮ್ಮೆಯನ್ನು ಮುರಿಯಲು ಬಂದವನಂತೆ ನಿಂತಿದ್ದ. ನೆನಪು ಮಾಡಿಕೋ ಪಂಪಕ್ಕ, ಒಂದು ಸಲ ಕಣ್ಣು ಮುಚ್ಚಿ ನೋಡು, ಎಂದು ಹೇಳುತ್ತಿದ್ದ ತನ್ನ ದನಿ ಅವನಿಗೇ ಕೇಳಿಸಿತು. ಅಲ್ರೀ, ತಪ್ಪು ತಿಳಕೋಬ್ಯಾಡ್ರಿ ಎನ್ನುತ್ತಿದ್ದ ಆ ಮನೆಯೊಡೆಯರ ದನಿಯೂ ಹೀಗೇ ಮೆತ್ತಗಿರುತ್ತಿತ್ತು. ಅವಳು ಅವನ ಸಲುವಾಗಿ ನಿಜವಾಗಿಯೂ ಕಣ್ಣು ಮುಚ್ಚಿದಳು. ಬಿಸಿಲಿನಲ್ಲಿ ಅವಳ ಹುಬ್ಬು ಗಂಟಾಯಿತು.

"ತಾಯಿ... ಸುಕ್ಕು ಸುಕ್ಕು ಕಾಯಿಂದು ಇತ್ತೇನೋ..." ಎಂದಳು. ಕಣ್ಣು ತೆರೆದು ಅವನನ್ನು ನೋಡಿದಳು. ಅವನು ಹಸಿದವನ ಹಾಗೆ ಮುಂದೆ ಬಾಗಿದ್ದ. ಅವಳು ತಲೆ ಅಲ್ಲಾಡಿಸಿದಳು. "ಇಲ್ರಿ. ನಿಮ್ಮ ಮಾರಿ ನೋಡಿ ಹೇಳಿದೆ. ನನಗ ಗೊತ್ತಿಲ್ಲ."

 ಭತ್ತದ ಮೇಲೆ ಗುಬ್ಬಿಗಳು ಇಳಿಯುತ್ತಿದ್ದವು, ಅವಳು ಓಡಿಸಲಿಲ್ಲ.

"ಸಾವುಕಾರ್ರಿಗೆ ಯಾವಾಗ ಬೇಕಂತ?"

"ಇವತ್ತ. ಸಂಜಿಗೆ."

"ಯಾವ್ದಾರ ಎರಡು ಕೊಟ್ಟುಬಿಡ್ರಿ ಮತ್ತ," ಎಂದಳು ಪಂಪಾವತಿ, ಮಗುವಿಗೆ ಹೇಳುವಷ್ಟು ಮೃದುವಾಗಿ. "ಗಿಡ ಏನು ಬಾಯಿಬಿಟ್ಟು ಹೇಳತೈತೇನು?"

ಅವನು ತಟ್ಟನೆ ಎದೆಯ ಜೇಬನ್ನು ಮುಟ್ಟಿಕೊಂಡ. ಅವಳಿಗೆ ಕಂಡಿತೋ ಇಲ್ಲವೋ. ಚಹಾ ಕುಡಿದು ಹೋಗ್ರಿ ಎಂದು ಅವಳು ಹಿಂದಿನಿಂದ ಕೂಗುತ್ತಿದ್ದರೂ ಕೇಳದವನಂತೆ ರಸ್ತೆಗೆ ಬಂದು ನಿಂತ.

ಕುರುಗೋಡಿನ ಬಸ್ಸಿನಲ್ಲಿ ಅವನು ಹೇಳಬೇಕಾದ ವಾಕ್ಯವನ್ನು ಸಿದ್ಧಮಾಡುತ್ತ ಹೋದ. ಸಾವುಕಾರ್ರ, ನನ್ನ ತಲ್ಯಾಗ ಏನೂ ಇಲ್ರಿ. ಇದೇ ಸರಿ, ಸಣ್ಣದು, ಪೂರ್ತಿ ನಿಜ. ಸ್ವಿಚ್ಚು ಒತ್ತಿದವನು ನಾನು, ದೀಪದ ಮೇಲಿನ ಕುಂಕುಮ ಒರೆಸದವನು ನಾನು, ಬೀಗದ ಕೈ ಕೊಡದವನು ನಾನು. ಯಾಕೆ ಎಂದು ಅವರು ಕೇಳಿದರೆ? ಯಾಕೆಂದರೆ ನೀವು ಒಳಗೆ ಬಾ ಎಂದಿರಿ. ಇದನ್ನು ಹೇಳಲು ಬರುವುದಿಲ್ಲ. ಆದರೆ ಮೊದಲಿನದನ್ನು ಹೇಳಬಹುದು. ಹೇಳಿದರೆ ಮುದುಕ ಬೈಯುತ್ತಾನೆ, ಅಳುತ್ತಾನೆ, ಕೆಲಸದಿಂದ ತೆಗೆಯುತ್ತಾನೆ. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಮೇಲೆ ಸಿಟ್ಟಾಗುವ ಹಾಗೆ ಸಿಟ್ಟಾಗುತ್ತಾನೆ. ಅಷ್ಟು ಸಿಕ್ಕರೂ ಸಾಕು ಅನ್ನಿಸಿತು. ಬಂಡೆಗುಡ್ಡಗಳು ಕಾಣತೊಡಗಿದಾಗ ಅವನ ಎದೆ ಬೆಳಗಿನಿಂದ ಮೊದಲ ಸಲ ಸ್ವಲ್ಪ ಸಡಿಲವಾಗಿತ್ತು. ಜೇಬಿನ ಪೊಟ್ಟಣಗಳನ್ನು ತೆಗೆದು ಕೈಚೀಲದ ತಳಕ್ಕೆ ಹಾಕಿದ. ನಾಳೆ ಅವುಗಳನ್ನು ಅವುಗಳ ಜಾಗದಲ್ಲಿ ಇಡಬೇಕು. ಯಾವ ಹಲಗೆ ಎಂದು ನೆನಪಿತ್ತು.

ತೋಟದಲ್ಲಿ ಸಸಿ ಬೆಳೆಸುವ ಬಲೆಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಾಲಸಿದ್ದಪ್ಪ ಕೂತಿದ್ದರು. ಅಕ್ಷತಾ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದಳು. ತೆಂಗಿನ ನಾರಿನ ಪುಡಿ ತುಂಬಿದ ಕಪ್ಪು ಟ್ರೇಗಳು ಸಾಲಾಗಿ, ನೀರು ಚಿಮುಕಿಸಿಕೊಂಡು, ಗುಳಿಗಳು ಬಾಯಿ ತೆರೆದು ಕಾಯುತ್ತಿದ್ದವು. "ಬಾ ತಮ್ಮಾ," ಎಂದು ಮುದುಕ ಪಕ್ಕದ ಕುರ್ಚಿಯನ್ನು ತಾವೇ ಎಳೆದರು.

"ಸಾವುಕಾರ್ರ, ಒಂದು ಮಾತು ಹೇಳಬೇಕು," ಎಂದ ಮಾರೇಶ, ಕೂರದೆ.

"ನೀ ಹೇಳೂದು ನನಗ ಗೊತ್ತೈತಿ, ಕುಂದ್ರು. ಆ ಡಿಸ್ಕಿನ ಸಲುವಾಗಿ ನೀ ಊಟ ನಿದ್ದಿ ಬಿಟ್ಟೀದಿ. ನಾನೂ ಕಾಣ್ತೀನಿ. ಅದರಾಗ ನಿಂದೇನೂ ತಪ್ಪಿಲ್ಲ, ತಪ್ಪು ನಂದ." ಅವರು ಅವನ ಮೊಣಕೈ ಹಿಡಿದು ಕೂರಿಸಿ, ಹೆಗಲ ಮೇಲೆ ಕೈ ಇಟ್ಟರು. ಕೈ ಒಣಗಿ ಹಗುರವಾಗಿತ್ತು. "ಆ ಪೂಜಿ ನಿನ್ನ ಕೈಲೆ ಮಾಡಿಸಬಾರದಾಗಿತ್ತು ನಾನು. ಮನ್ಯಾಗ ಅವತ್ತ ಹೇಳಿದ್ರು, ಅವರದು ಬ್ಯಾರೆ, ಅವರ ಕೈಗೆ ಆರತಿ ಕೊಟ್ರ ಆಯುಧ ಮುನೀತಾವ ಅಂತ. ನಾ ಕೇಳ್ಲಿಲ್ಲ. ನಿನಗ ಮರ್ಯಾದಿ ಮಾಡೂಣು ಅಂತ ಮಾಡಿದೆ. ನೀ ಮನಸಿಗೆ ಹಚ್ಚಿಕೋಬ್ಯಾಡ. ಬರೂ ವರ್ಷದಿಂದ ಮದ್ಲಿನಂಗ ನಡೀಲಿ. ನೀನೂ ಗೇಟಿನ ಕಡಿ ಆರಾಮ ಇರ್ತಿ."

ಹೆಗಲ ಮೇಲಿನ ಕೈ ಎರಡು ಸಲ ತಟ್ಟಿತು. ಅಕ್ಷತಾ ಚಹಾದ ಲೋಟ ಅವನ ಮುಂದೆ ಇಟ್ಟು, ಅವನ ಕಡೆ ನೋಡದೆ, ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತಲೇ ನಿಂತಳು. ಅದು ಆಗಲೇ ಬಿಗಿಯಾಗಿತ್ತು. ಮಾರೇಶ ಬಸ್ಸಿನಲ್ಲಿ ಸಿದ್ಧಮಾಡಿದ್ದ ವಾಕ್ಯವನ್ನು ಹುಡುಕಿದ. ಅದು ಇತ್ತು, ಆದರೆ ಈಗ ಅದಕ್ಕೆ ಹೋಗಿ ಸೇರುವ ಜಾಗವಿರಲಿಲ್ಲ. ಕುಂಕುಮ ಒರೆಸಲಿಲ್ಲ ಎಂದರೂ, ಸ್ವಿಚ್ಚು ಒತ್ತಿದೆ ಎಂದರೂ, ಮುದುಕ ಕರುಣೆಯಿಂದ ತಲೆದೂಗುತ್ತಾನೆ. ಕಾರಣ ಆಗಲೇ ಸಿಕ್ಕಿಬಿಟ್ಟಿದೆ. ತಪ್ಪು ಮಾಡುವ ಹಕ್ಕು ಕೂಡ ತನ್ನದಲ್ಲ, ಅದು ತನ್ನ ಹುಟ್ಟಿನದು. ಅವನಿಗೆ ಸಿಟ್ಟು ಬರಲಿಲ್ಲ. ಹೊಲದ ಸದ್ದೆಲ್ಲ ಕೆಳಕೆಳಗೆ ಇಳಿದು ಎಲ್ಲೋ ನಿಂತ ಹಾಗಾಯಿತು.

"ಎಲ್ಲಿ, ಪೊಟ್ಟಣ ತಂದೀಯಿಲ್ಲೋ?"

ಅವನು ಚೀಲದ ತಳಕ್ಕೆ ಕೈ ಹಾಕಿದ. ಎರಡು ಪೊಟ್ಟಣಗಳನ್ನು ತೆಗೆದು ಅಂಗೈಗಳ ಮೇಲಿಟ್ಟ.

"ಯಾವ್ದಪಾ ತಾಯಿ?"

ಸಾಲಿನ ಕಡೆಯಲ್ಲಿ ಹೆಂಗಸರು ಎದ್ದು ನಿಂತಿದ್ದರು. ಹೊತ್ತು ಬಂಡೆಗಳಿಗೆ ತಾಕಿತ್ತು. ಮಾರೇಶ ಒಂದು ಪೊಟ್ಟಣವನ್ನು ನೋಡಿದ, ಇನ್ನೊಂದನ್ನು ನೋಡಿದ. ತೂಕ ನೋಡುವವನ ಹಾಗೆ ಎರಡನ್ನೂ ಸ್ವಲ್ಪ ಎತ್ತಿ ಇಳಿಸಿದ.

"ಇದು," ಎಂದ, ಬಲಗೈಯದನ್ನು ಮುಂದೆ ಮಾಡಿ.

ಹಾಲಸಿದ್ದಪ್ಪ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು, ತಂದೆಯನ್ನೂ ಒತ್ತಿಕೊಂಡರು, ಹೆಂಗಸರ ಕೈಗೆ ಕೊಟ್ಟರು. ಬೀಜಗಳು ಒಂದೊಂದಾಗಿ ಗುಳಿಗೆ ಬಿದ್ದವು. ಇನ್ನು ಇವು ಬೆಳೆದು, ಹೂಬಿಟ್ಟು, ಒಂದಕ್ಕೊಂದು ಕೂಡಿ, ಆ ಮರಿಗಳು ರೋಗದ ಗಾಳಿಯಲ್ಲಿ ನಿಂತು ಮುರುಟುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟು ಕಾಲ ಈ ಮುದುಕ ದಿನಾ ಬಂದು ಇವಕ್ಕೆ ನೀರು ಹಾಕಿಸುತ್ತಾನೆ.

"ನೀನ ಬರದು ಕಟ್ಟಿಬಿಡು," ಎಂದರು ಅವರು, ಎರಡು ಖಾಲಿ ಚೀಟಿ ಕೊಟ್ಟು. "ಬರೀ ನಂಬರ್ ಬ್ಯಾಡ ಇನ್ನ. ನಮಗೂ ತಿಳಿಯಂಗ ಬರಿ."

ಮಾರೇಶ ಟ್ರೇಯ ಪಕ್ಕ ಮೊಣಕಾಲೂರಿ ಕೂತ. ತೊಡೆಯ ಮೇಲೆ ಚೀಟಿ ಇಟ್ಟುಕೊಂಡು, ಮಳೆ ಬಿಸಿಲಿಗೆ ಅಳಿಯದ ಮಸಿಯ ಪೆನ್ನಿನಲ್ಲಿ, ದುಂಡಗೆ, ನಾನೂರ ಹದಿನೇಳರ ತಾಯಿ ಎಂದು ಬರೆದ. ಇನ್ನೊಂದರ ಮೇಲೆ, ನಾನೂರ ಹದಿನೇಳರ ತಂದೆ. ಕಟ್ಟುವ ಮೊದಲು, ಅಭ್ಯಾಸದಂತೆ, ಮಸಿ ಒಣಗಿತೇ ಎಂದು ಬೆರಳಿನಿಂದ ಮುಟ್ಟಿ ನೋಡಿದ. ಬೆರಳಿಗೆ ಏನೂ ಹತ್ತಲಿಲ್ಲ.